ವೇಗದ ವರ್ಗ, ರಸ್ತೆಯ ವರ್ಗ: ಒಂಬತ್ತನೇ ಕ್ಲಾಸಿನ ಫಿಸಿಕ್ಸ್ ಹೇಳುವ ಸತ್ಯ

ಒಂದು ಲೆಕ್ಕದಿಂದ ಶುರು ಮಾಡೋಣ. ಶಾಲೆ ಎದುರಿನ ನೇರ ರಸ್ತೆಯಲ್ಲಿ ಎರಡು ಕಾರು ಅಕ್ಕಪಕ್ಕ ಬರ್ತಿವೆ. ಒಂದರ ವೇಗ ಗಂಟೆಗೆ 50 ಕಿ.ಮೀ., ಇನ್ನೊಂದರದ್ದು 60. ಕಾರು, ಟೈರು, ಬ್ರೇಕು ಎಲ್ಲ ಒಂದೇ ಥರ. ಚಾಲಕರಿಬ್ಬರೂ ಕುಡಿದಿಲ್ಲ, ಮೊಬೈಲ್ ನೋಡ್ತಿಲ್ಲ, ಕಣ್ಣು ರಸ್ತೆ ಮೇಲೇ ಇದೆ. ಮುಂದೆ ಒಂದು ಮಗು ರಸ್ತೆಗೆ ಓಡಿ ಬರುತ್ತೆ. ಇಬ್ಬರೂ ಒಂದೇ ಕ್ಷಣದಲ್ಲಿ ನೋಡ್ತಾರೆ, ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತುತ್ತಾರೆ. 50ರಲ್ಲಿದ್ದ ಕಾರು ಮಗುವಿನಿಂದ ಕೂದಲೆಳೆ ಅಂತರದಲ್ಲಿ ನಿಲ್ಲುತ್ತೆ. ಹಾಗಾದರೆ ಅದೇ ಜಾಗ ತಲುಪುವಾಗ 60ರಲ್ಲಿದ್ದ ಕಾರಿನ ವೇಗ ಎಷ್ಟಿರುತ್ತೆ?

ಯಾರನ್ನೇ ಕೇಳಿ, ಹೆಚ್ಚಿನವರು ಹೇಳುವ ಉತ್ತರ 10. ಅರವತ್ತರಲ್ಲಿ ಐವತ್ತು ಹೋದರೆ ಹತ್ತು ತಾನೇ? ಸರಿಯಾದ ಉತ್ತರ 40. ಮಗುವಿಗೆ ಆ ಕಾರು ಗುದ್ದುವುದು ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ.

ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ. ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ 'ಚಲನೆ' ಅನ್ನುವ ಪಾಠ ಓದಿದ ಯಾರು ಬೇಕಾದರೂ ಹಾಕಬಹುದಾದ ಲೆಕ್ಕ ಇದು. ಆದರೆ ಆ ಪಾಠವನ್ನು ನಾವು ಮೂರು ಮಾರ್ಕಿನ ಪ್ರಶ್ನೆಗೆ ಓದಿ, ಪರೀಕ್ಷೆ ಮುಗಿದ ಸಂಜೆಗೇ ಮರೆತುಬಿಡುತ್ತೇವೆ. ಮರೆತದ್ದಕ್ಕೆ ತೆರುತ್ತಿರುವ ಬೆಲೆ ಚಿಕ್ಕದಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಅದರಲ್ಲಿ ಸುಮಾರು 71% ಸಾವುಗಳಿಗೆ ಅದೇ ವರದಿ ಕೊಟ್ಟ ಕಾರಣ ಅತಿವೇಗ.

ಹಾಗಾಗಿ ಆ ಪಾಠವನ್ನು ಮತ್ತೊಮ್ಮೆ ಓದೋಣ, ಈ ಸಲ ರಸ್ತೆಯಲ್ಲಿ ನಿಂತು.

ತಲುಪುವುದು ಸರಾಸರಿಯಲ್ಲಿ, ಗುದ್ದುವುದು ಆ ಕ್ಷಣದ ವೇಗದಲ್ಲಿ

ಪಠ್ಯಪುಸ್ತಕದಲ್ಲಿ ಎರಡು ಪದ ಬರುತ್ತವೆ: 'ಜವ' ಮತ್ತು 'ವೇಗ'. ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋದೆವು ಅನ್ನುವುದು ಜವ. ಅದಕ್ಕೆ ದಿಕ್ಕನ್ನೂ ಸೇರಿಸಿದರೆ ವೇಗ. ಮಾತಿನಲ್ಲಿ ನಾವು ಎರಡಕ್ಕೂ ವೇಗ ಅಂತಲೇ ಅನ್ನುತ್ತೇವೆ. ಇಲ್ಲೂ ಹಾಗೇ ಇರಲಿ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಮನೆಯಿಂದ ಆಫೀಸಿಗೆ 10 ಕಿ.ಮೀ., ತಲುಪಲು ಅರ್ಧ ಗಂಟೆ ಬೇಕು ಅಂದುಕೊಳ್ಳಿ. ನಿಮ್ಮ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಆದರೆ ಆ ಅರ್ಧ ಗಂಟೆಯಲ್ಲಿ ಸಿಗ್ನಲ್ ಬಿಟ್ಟ ತಕ್ಷಣ, ಫ್ಲೈಓವರ್ ಮೇಲೆ, ಖಾಲಿ ಸಿಕ್ಕ ಕಡೆ ಬೈಕಿನ ಮುಳ್ಳು 60 ಮುಟ್ಟಿ ಬಂದಿರುತ್ತೆ. ಎಷ್ಟು ಬೇಗ ತಲುಪುತ್ತೀರಿ ಅನ್ನುವುದನ್ನು ಸರಾಸರಿ ವೇಗ ತೀರ್ಮಾನಿಸುತ್ತೆ. ಯಾರಿಗಾದರೂ ಗುದ್ದಿದರೆ ಏನಾಗುತ್ತೆ ಅನ್ನುವುದನ್ನು ತೀರ್ಮಾನಿಸುವುದು ಆ ಕ್ಷಣದ ವೇಗ. ಖಾಲಿ ರಸ್ತೆ ಸಿಕ್ಕಿತು ಅಂತ 60ಕ್ಕೆ ಏರಿಸಿದವರು ಮುಂದಿನ ಸಿಗ್ನಲ್‌ನಲ್ಲಿ 40ರಲ್ಲಿ ಬಂದವರ ಪಕ್ಕದಲ್ಲೇ ನಿಂತಿರುತ್ತಾರೆ. ಲಾಭ ಇಲ್ಲದೆ ಅಪಾಯ ಮಾತ್ರ ಏರಿತು.

ಒಂದು ಸೆಕೆಂಡಿನ ಕುರುಡು ಓಟ

ಗಂಟೆಗೆ ಇಷ್ಟು ಕಿ.ಮೀ. ಅನ್ನುವ ಲೆಕ್ಕ ನಮ್ಮ ಕಣ್ಣಿಗೆ ಮೋಸ ಮಾಡುತ್ತೆ. ಅಪಘಾತ ಗಂಟೆಗಳಲ್ಲಿ ಆಗಲ್ಲ, ಸೆಕೆಂಡುಗಳಲ್ಲಿ ಆಗುತ್ತೆ. ಅದಕ್ಕೇ ಸೆಕೆಂಡಿಗೆ ಎಷ್ಟು ಮೀಟರ್ ಅಂತ ನೋಡಬೇಕು. ವಿಧಾನ ಸುಲಭ: ಕಿ.ಮೀ. ಲೆಕ್ಕವನ್ನು 3.6ರಿಂದ ಭಾಗಿಸಿ. 60 ಅಂದರೆ ಸೆಕೆಂಡಿಗೆ 16.7 ಮೀಟರ್. ಒಂದೂವರೆ ಸಿಟಿ ಬಸ್ಸಿನಷ್ಟು ಉದ್ದ, ಪ್ರತಿ ಸೆಕೆಂಡಿಗೆ.

ಕಣ್ಣು ಅಪಾಯವನ್ನು ನೋಡಿ, ಮಿದುಳು ಅದನ್ನು ಅರ್ಥ ಮಾಡಿಕೊಂಡು, ಕಾಲು ಬ್ರೇಕಿಗೆ ಹೋಗುವುದಕ್ಕೆ ಎಚ್ಚರದಲ್ಲಿರುವವರಿಗೂ ಒಂದು ಸೆಕೆಂಡ್ ಬೇಕು. ಸುಸ್ತಾಗಿದ್ದರೆ, ಮಾತಾಡುತ್ತಿದ್ದರೆ ಇನ್ನೂ ಜಾಸ್ತಿ. ಆ ಒಂದು ಸೆಕೆಂಡಿನಲ್ಲಿ ಗಾಡಿ ಅದೇ ವೇಗದಲ್ಲಿ ಓಡುತ್ತಲೇ ಇರುತ್ತೆ. 50ರಲ್ಲಿದ್ದರೆ 13.9 ಮೀಟರ್, 60ರಲ್ಲಿದ್ದರೆ 16.7 ಮೀಟರ್. ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಈ ದೂರದಲ್ಲಿ ಅದರ ಪಾತ್ರ ಸೊನ್ನೆ.

ಬ್ರೇಕ್ ಹಾಕಿದ ಮೇಲೆ ವರ್ಗದ ಲೆಕ್ಕ

ಈಗ ಬ್ರೇಕ್ ಕೆಲಸ ಶುರು ಮಾಡಿತು. ಒಣ ಡಾಂಬರು ರಸ್ತೆಯಲ್ಲಿ ಒಳ್ಳೆಯ ಟೈರಿರುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರ್‌ನಷ್ಟು ವೇಗ ಕಳೆದುಕೊಳ್ಳುತ್ತೆ ಅಂತ ಇಟ್ಟುಕೊಳ್ಳೋಣ. ಎಷ್ಟು ದೂರದಲ್ಲಿ ನಿಲ್ಲುತ್ತೆ? ಚಲನೆಯ ಮೂರನೇ ಸಮೀಕರಣ ಉತ್ತರ ಕೊಡುತ್ತೆ: ವೇಗದ ವರ್ಗವನ್ನು, ವೇಗ ಇಳಿಯುವ ದರದ ಎರಡರಷ್ಟರಿಂದ ಭಾಗಿಸಬೇಕು. ದರ 7, ಎರಡರಷ್ಟು ಅಂದರೆ 14. ಇದನ್ನೇ ಇನ್ನೂ ಸರಳವಾಗಿ ಹೇಳಬಹುದು: ಬ್ರೇಕ್ ಹಾಕಿ ಜಾರುವ ಪ್ರತಿ ಮೀಟರಿಗೂ ವೇಗದ ವರ್ಗದಿಂದ 14 ಕಳೆಯುತ್ತಾ ಹೋಗಿ.

ಮೊದಲ ಕಾರು ಸೆಕೆಂಡಿಗೆ 13.9 ಮೀಟರ್. ವರ್ಗ 193. ಅದನ್ನು 14ರಿಂದ ಭಾಗಿಸಿದರೆ 13.8 ಮೀಟರ್. ಮೊದಲಿನ ಒಂದು ಸೆಕೆಂಡಿನ 13.9 ಸೇರಿಸಿದರೆ ಒಟ್ಟು 27.7 ಮೀಟರ್. ಮಗು ಇದ್ದದ್ದು ಅಲ್ಲಿ.

ಎರಡನೇ ಕಾರು ಆ ಒಂದು ಸೆಕೆಂಡಿನಲ್ಲೇ 16.7 ಮೀಟರ್ ಮುಂದೆ ಬಂದಿದೆ. ಬ್ರೇಕಿಗೆ ಉಳಿದದ್ದು 11 ಮೀಟರ್ ಮಾತ್ರ. ಅದರ ವೇಗದ ವರ್ಗ 278. ಹನ್ನೊಂದು ಮೀಟರಿಗೆ ಕಳೆಯುವುದು 154. ಉಳಿಯಿತು 124. ಅದರ ವರ್ಗಮೂಲ 11.1. ಮತ್ತೆ 3.6ರಿಂದ ಗುಣಿಸಿ: ಗಂಟೆಗೆ 40 ಕಿ.ಮೀ.

ಅದೇ ರಸ್ತೆಯಲ್ಲಿ 30ರಲ್ಲಿ ಬಂದ ಕಾರು ಒಟ್ಟು 13.3 ಮೀಟರಿನಲ್ಲಿ ನಿಂತುಬಿಡುತ್ತೆ. ಮಗುವಿಗೂ ಕಾರಿಗೂ ನಡುವೆ ಇನ್ನೂ 14 ಮೀಟರ್ ಜಾಗ ಉಳಿದಿರುತ್ತೆ. ಚಾಲಕ ಬೈದುಕೊಂಡು, ಮಗು ಹೆದರಿಕೊಂಡು, ಇಬ್ಬರೂ ಮನೆಗೆ ಹೋಗ್ತಾರೆ.

ಮಳೆ ಬಂದು ರಸ್ತೆಯ ಹಿಡಿತ ಅರ್ಧಕ್ಕೆ ಇಳಿದರೆ ಬ್ರೇಕ್ ದೂರ ಎರಡು ಪಟ್ಟಾಗುತ್ತೆ. 60ರಲ್ಲಿ 20 ಮೀಟರ್ ಇದ್ದದ್ದು 40 ಆಗುತ್ತೆ. ಸವೆದ ಟೈರು, ರಸ್ತೆ ಮೇಲಿನ ಮರಳು, ಜಲ್ಲಿ ಎಲ್ಲದರ ಪರಿಣಾಮವೂ ಇದೇ.

ಜೇಡಿಮಣ್ಣಿನ ಮೇಲೆ ಬಿದ್ದ ಹಿತ್ತಾಳೆ ಗುಂಡು

ವೇಗದ ಜೊತೆ ಈ 'ವರ್ಗ' ಯಾಕೆ ಅಂಟಿಕೊಂಡಿದೆ? ಯಾಕೆಂದರೆ ಬ್ರೇಕ್ ಕರಗಿಸಬೇಕಾಗಿರುವುದು ಗಾಡಿಯ ಚಲನ ಶಕ್ತಿಯನ್ನು, ಮತ್ತು ಆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಇದು ಒಪ್ಪಿತವಾಗಲು ಯುರೋಪಿನ ವಿಜ್ಞಾನಿಗಳು ದಶಕಗಟ್ಟಲೆ ಜಗಳ ಆಡಿದ್ದಾರೆ. ನ್ಯೂಟನ್ ತನ್ನ ಚಲನೆಯ ನಿಯಮಗಳನ್ನು 1687ರಲ್ಲಿ ಪ್ರಕಟಿಸಿದ ಮೇಲೂ ಈ ಪ್ರಶ್ನೆ ಬಗೆಹರಿದಿರಲಿಲ್ಲ. ಡಚ್ ವಿಜ್ಞಾನಿ ಗ್ರಾವೆಸಾಂಡೆ ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಬೀಳಿಸಿ ನೋಡಿದ. ಎರಡು ಪಟ್ಟು ವೇಗದಲ್ಲಿ ಬಿದ್ದ ಗುಂಡು ಮಾಡಿದ ಗುಳಿ ನಾಲ್ಕು ಪಟ್ಟು ದೊಡ್ಡದಿತ್ತು. ಈ ಪ್ರಯೋಗದ ಅರ್ಥವನ್ನು ಗಟ್ಟಿಯಾಗಿ ಹಿಡಿದು ವಾದಿಸಿದವರಲ್ಲಿ ಫ್ರಾನ್ಸಿನ ಎಮಿಲಿ ದು ಶಾಟ್ಲೆ ಮುಖ್ಯಳು. 1740ರಲ್ಲಿ ಆಕೆ ಭೌತಶಾಸ್ತ್ರದ ಪುಸ್ತಕ ಪ್ರಕಟಿಸಿದಳು. ನ್ಯೂಟನ್‌ನ ಮಹಾಗ್ರಂಥವನ್ನು ಫ್ರೆಂಚಿಗೆ ಅನುವಾದಿಸಿದ್ದೂ ಆಕೆಯೇ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು.

ಗುಂಡಿನ ಜಾಗದಲ್ಲಿ ಮನುಷ್ಯನ ಮೈಯನ್ನು ಇಟ್ಟು ನೋಡಿ. ಗಂಟೆಗೆ 30 ಕಿ.ಮೀ. ಅಂದರೆ ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಮೊದಲ ಮಹಡಿಯಿಂದ, ಬಿದ್ದು ನೆಲ ಮುಟ್ಟುವಾಗಿನ ವೇಗ. 40 ಅಂದರೆ ಎರಡನೇ ಮಹಡಿ. 60 ಅಂದರೆ 14 ಮೀಟರ್, ನಾಲ್ಕನೇ ಮಹಡಿಗಿಂತ ಮೇಲೆ. ಕಾರಿನ ಮುಂಭಾಗ ನೆಲದಷ್ಟು ಗಟ್ಟಿ ಇಲ್ಲ, ಹಾಗಾಗಿ ಗಾಯ ಯಥಾವತ್ ಅಷ್ಟೇ ಆಗಬೇಕೆಂದಿಲ್ಲ. ಆದರೆ ವೇಗ ಅಷ್ಟೇ. ನಾಲ್ಕನೇ ಮಹಡಿಯ ಟೆರೇಸಿಗೆ ತಡೆಗೋಡೆ ಇಲ್ಲದಿದ್ದರೆ ನಾವು ಮಕ್ಕಳನ್ನು ಹತ್ತಲು ಬಿಡಲ್ಲ. 60ರಲ್ಲಿ ಗಾಡಿಗಳು ಓಡುವ ರಸ್ತೆಯನ್ನು ದಾಟಿಕೊಂಡು ಶಾಲೆಗೆ ಹೋಗು ಅಂತ ಮಾತ್ರ ದಿನಾ ಕಳಿಸುತ್ತೇವೆ.

ಜಡತ್ವಕ್ಕೆ ಹಿಂದಿನ ಸೀಟು, ಮುಂದಿನ ಸೀಟು ಇಲ್ಲ

ನ್ಯೂಟನ್‌ನ ಮೊದಲ ನಿಯಮ: ಹೊರಗಿನ ಬಲ ತಡೆಯುವ ತನಕ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತೆ. ಬಸ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವುದು ಇದಕ್ಕೇ. ಬಸ್ಸು ನಿಂತಿದೆ, ಮೈ ನಿಂತಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಕಾರು ಎಷ್ಟೇ ಬೆಲೆಯದ್ದಾಗಿರಲಿ, ಅದು ನಿಂತ ಮೇಲೂ ಒಳಗಿನ ಮೈ ಅದೇ ವೇಗದಲ್ಲಿ ಮುಂದೆ ಹೋಗುತ್ತೆ.

ಎರಡನೇ ನಿಯಮ ಹೆಲ್ಮೆಟ್ ಯಾಕೆ ಅಂತ ಹೇಳುತ್ತೆ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಆ ಸಂವೇಗ ಎಷ್ಟು ಕಡಿಮೆ ಸಮಯದಲ್ಲಿ ಸೊನ್ನೆಯಾಗುತ್ತೋ, ಬಲ ಅಷ್ಟು ದೊಡ್ಡದು. 60 ಕೆ.ಜಿ. ತೂಕದ ವ್ಯಕ್ತಿ 60ರಲ್ಲಿ ಹೋಗುತ್ತಾ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಮೈ ಮೇಲೆ ಬೀಳುವ ಬಲ ಸುಮಾರು ಒಂದು ಟನ್ ಭಾರಕ್ಕೆ ಸಮ. ನೂರನೇ ಒಂದು ಭಾಗದಲ್ಲಿ ನಿಂತರೆ ಹತ್ತು ಟನ್. ಹೆಲ್ಮೆಟ್ ಒಳಗಿನ ದಪ್ಪ ಥರ್ಮಾಕೋಲ್ ಪದರ ಕುಗ್ಗುತ್ತಾ ಕೊಡುವುದು ಆ ಹೆಚ್ಚುವರಿ ಸಮಯವನ್ನು, ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಫುಟ್‌ಪಾತಿನಲ್ಲಿ ಸಿಗುವ, ಒಳಗೆ ಬರೀ ಬಟ್ಟೆ ಇರುವ ಟೋಪಿ ಹೆಲ್ಮೆಟ್ ಪೊಲೀಸರ ದಂಡದಿಂದ ಕಾಪಾಡಬಹುದು, ಎರಡನೇ ನಿಯಮದಿಂದ ಕಾಪಾಡಲ್ಲ. ಕರ್ನಾಟಕದಲ್ಲಿ 2016ರಿಂದ ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಇಬ್ಬರ ವೇಗವೂ ಒಂದೇ ಆದ್ದರಿಂದ ಫಿಸಿಕ್ಸ್ ಪ್ರಕಾರ ಅದು ಸರಿಯಾದ ನಿಯಮ.

ಬಲ ಸಮ, ಪೆಟ್ಟು ಸಮ ಅಲ್ಲ

ಮೂರನೇ ನಿಯಮ ಎಲ್ಲರಿಗೂ ಬಾಯಿಪಾಠ: ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತೆ. ಅಂದರೆ ಕಾರು ಪಾದಚಾರಿಗೆ ಎಷ್ಟು ಬಲದಿಂದ ಗುದ್ದುತ್ತೋ, ಪಾದಚಾರಿಯ ಮೈಯೂ ಕಾರಿಗೆ ಅಷ್ಟೇ ಬಲದಿಂದ ಗುದ್ದುತ್ತೆ. ಕೇಳಲು ಎಷ್ಟು ಸಮಾನತೆ!

ಲೆಕ್ಕ ಹಾಕಿ ನೋಡಿ. 1200 ಕೆ.ಜಿ. ಕಾರು 60ರಲ್ಲಿ ಬಂದು 60 ಕೆ.ಜಿ. ವ್ಯಕ್ತಿಗೆ ಗುದ್ದಿತು, ಗುದ್ದಿದ ಕ್ಷಣ ಇಬ್ಬರೂ ಒಟ್ಟಿಗೆ ಚಲಿಸಿದರು ಅಂದುಕೊಳ್ಳಿ. ಒಟ್ಟು ಸಂವೇಗ ಬದಲಾಗಲ್ಲ. ಹಾಗಾಗಿ ಇಬ್ಬರ ವೇಗವೂ ಈಗ 57. ಕಾರು 60ರಿಂದ 57ಕ್ಕೆ ಇಳಿಯಿತು, ಅದರ ಪಾಲಿಗೆ ಬಂದದ್ದು 3 ಕಿ.ಮೀ. ಬದಲಾವಣೆ. ವ್ಯಕ್ತಿ ಸೊನ್ನೆಯಿಂದ ಕಣ್ಣು ಮಿಟುಕಿಸುವಷ್ಟರಲ್ಲಿ 57ಕ್ಕೆ ಹೋದ. ಒಬ್ಬರಿಗೆ ಹಂಪ್ ದಾಟಿದಷ್ಟು ಕುಲುಕು, ಇನ್ನೊಬ್ಬರಿಗೆ ಜೀವ. ವ್ಯತ್ಯಾಸ ಇಪ್ಪತ್ತು ಪಟ್ಟು, ಅವರಿಬ್ಬರ ತೂಕದ ವ್ಯತ್ಯಾಸ ಎಷ್ಟೋ ಅಷ್ಟು.

ಕನ್ನಡದಲ್ಲಿ 'ವರ್ಗ' ಅನ್ನುವ ಪದಕ್ಕೆ ಎರಡು ಅರ್ಥ ಇದೆ. ಗಣಿತದ ವರ್ಗ, ಸಮಾಜದ ವರ್ಗ. ರಸ್ತೆಯಲ್ಲಿ ಎರಡೂ ಒಂದೇ ಕಡೆ ಸೇರುತ್ತವೆ. 2022ರಲ್ಲಿ ಸತ್ತವರಲ್ಲಿ 44.5% ದ್ವಿಚಕ್ರ ವಾಹನದಲ್ಲಿದ್ದವರು, 19.5% ನಡೆದು ಹೋಗುತ್ತಿದ್ದವರು. ಇವೆರಡೇ ಸೇರಿ ಮೂರರಲ್ಲಿ ಎರಡರ ಹತ್ತಿರ. ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ರಸ್ತೆ ದಾಟುವವರು, ಡೆಲಿವರಿ ಹುಡುಗರು, ಬಸ್ ಇಳಿದು ಹೆದ್ದಾರಿ ಆಚೆಗಿನ ಊರಿಗೆ ನಡೆಯುವ ಅಜ್ಜಿ, ಸೈಕಲ್ ತುಳಿದು ಶಾಲೆಗೆ ಹೋಗುವ ಹುಡುಗಿ. ವೇಗದ ಲಾಭ ಯಾರಿಗೋ, ಅದರ ವರ್ಗದಷ್ಟು ಬೆಲೆ ಇನ್ಯಾರಿಗೋ.

ವೇಗದ ಮಿತಿ ಯಾರು ಬರೆದದ್ದು?

'ಅತಿವೇಗ' ಅಂದ ಕೂಡಲೇ ನಮ್ಮ ಬೆರಳು ಚಾಲಕನ ಕಡೆ ತಿರುಗುತ್ತೆ. ತಪ್ಪು ಮಾಡಿದವರಿಗೆ ದಂಡ ಬೀಳಲೇಬೇಕು. ಆದರೆ ಮಿತಿಯೊಳಗೇ ಓಡಿಸಿದರೆ ಏನಾಗುತ್ತೆ ಅಂತಲೂ ಕೇಳಬೇಕಲ್ಲ? 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ನಗರ, ಪಟ್ಟಣಗಳ ಒಳಗೆ ಕಾರುಗಳಿಗೆ ಗರಿಷ್ಠ ಮಿತಿ ಗಂಟೆಗೆ 70 ಕಿ.ಮೀ. ನಮ್ಮ ಲೆಕ್ಕದ ಪ್ರಕಾರ 70ರಲ್ಲಿ ನಿಲ್ಲಲು 46 ಮೀಟರ್ ಬೇಕು. ವೇಗ ಆರನೇ ಮಹಡಿಯಿಂದ ಬಿದ್ದಷ್ಟು. ಕಾನೂನು ಪಾಲಿಸುವ ಚಾಲಕನಿಂದಲೂ ಮಗು ಉಳಿಯಲ್ಲ.

ಜಗತ್ತು ಈ ಬಗ್ಗೆ ಒಂದು ತೀರ್ಮಾನಕ್ಕೆ ಬಂದಾಗಿದೆ. 2020ರ ಫೆಬ್ರವರಿಯಲ್ಲಿ ಹೊರಬಂದ ಸ್ಟಾಕ್‌ಹೋಮ್ ಘೋಷಣೆ, ನಡೆಯುವವರು, ಸೈಕಲ್ ಸವಾರರು ಗಾಡಿಗಳ ಜೊತೆ ಬೆರೆಯುವ ಕಡೆ ಗರಿಷ್ಠ ಮಿತಿ 30 ಇರಲಿ ಅಂದಿತು. ಸ್ವೀಡನ್ 1997ರಲ್ಲೇ ಒಂದು ತತ್ವ ಒಪ್ಪಿಕೊಂಡಿತ್ತು: ಮನುಷ್ಯ ತಪ್ಪು ಮಾಡೇ ಮಾಡ್ತಾನೆ, ಆ ತಪ್ಪಿಗೆ ಶಿಕ್ಷೆ ಸಾವಾಗಬಾರದು, ಹಾಗೆ ರಸ್ತೆ ಕಟ್ಟುವುದು ವ್ಯವಸ್ಥೆಯ ಹೊಣೆ. ನಮ್ಮ ಕಾನೂನಿನಲ್ಲೂ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಸಾರ್ವಜನಿಕ ಸುರಕ್ಷತೆಗಾಗಿ ಯಾವ ರಸ್ತೆಯಲ್ಲಾದರೂ ಮಿತಿಯನ್ನು ಇಳಿಸಬಹುದು. 2019ರ ತಿದ್ದುಪಡಿಯಲ್ಲಿ ಬಂದ 198ಎ ಸೆಕ್ಷನ್, ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಆದರೆ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಅನ್ನುತ್ತೆ. ಒಂದು ಜೀವಕ್ಕೆ ಒಂದು ಲಕ್ಷ ಬಹಳ ಕಡಿಮೆ. ಆದರೂ ರಸ್ತೆಯೂ ಆರೋಪಿ ಆಗಬಹುದು ಅಂತ ಕಾನೂನು ಒಪ್ಪಿದೆ.

ನಮ್ಮದೇ ಉದಾಹರಣೆ ಬೆಂಗಳೂರು-ಮೈಸೂರು ಹೆದ್ದಾರಿ. ಉದ್ದ 118 ಕಿ.ಮೀ., ಉದ್ಘಾಟನೆ 2023ರ ಮಾರ್ಚ್ 12. ಆ ಉದ್ದಕ್ಕೂ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 59 ನಿಮಿಷ. ಉಳಿಯುವುದು 12 ನಿಮಿಷ. ಅದಕ್ಕೆ ಪ್ರತಿಯಾಗಿ ಬ್ರೇಕ್ ದೂರ 55 ಮೀಟರಿನಿಂದ 79ಕ್ಕೆ ಏರುತ್ತೆ. ವೇಗ 20% ಹೆಚ್ಚು, ಶಕ್ತಿ 44% ಹೆಚ್ಚು. ವೇಗ ಹಿಡಿಯುವ ಕ್ಯಾಮೆರಾ ಹಾಕಿ ದಂಡ ಬಿಗಿ ಮಾಡಿದ ಮೇಲೆ ಅಲ್ಲಿ ಸಾವು ಇಳಿದವು ಅಂತ ಪೊಲೀಸರೇ ಹೇಳಿದ್ದಾರೆ.

ಅದೇ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಫಿಸಿಕ್ಸ್ ಇದನ್ನು ಒಪ್ಪುತ್ತೆ. 40ರಲ್ಲಿ ಹೋಗುವ ಆಟೋ ಹಿಂದೆ 100ರಲ್ಲಿ ಕಾರು ಬಂದರೆ ಅವೆರಡರ ಸಾಪೇಕ್ಷ ವೇಗ 60, ಅಂದರೆ ನಿಂತ ಆಟೋಗೆ 60ರಲ್ಲಿ ಗುದ್ದಿದ ಹಾಗೆ. ಆದರೆ ವೇಗದವರಿಗಾಗಿ ನಿಧಾನದವರನ್ನು ರಸ್ತೆಯಿಂದ ಕೆಳಗಿಳಿಸಿದ ಮೇಲೆ, ಅವರಿಗೆ ತುಂಡಾಗದ ಸರ್ವಿಸ್ ರಸ್ತೆ, ಆಚೆ ಊರಿಗೆ ದಾಟಲು ಮೇಲ್ಸೇತುವೆ ಅಥವಾ ಕೆಳಸೇತುವೆ ಕೊಡುವುದು ಉಪಕಾರ ಅಲ್ಲ, ಬಾಕಿ.

50 ಮೀಟರ್ ಟೇಪು, ಒಂದು ಮೊಬೈಲು

ಶಾಲಾ ಮಕ್ಕಳು, ಮೇಷ್ಟ್ರುಗಳು, ಯುವ ಸಂಘಟನೆಗಳು ಮಾಡಬಹುದಾದ ಒಂದು ಕೆಲಸ ಇದೆ. ಶಾಲೆ ಎದುರು ರಸ್ತೆ ಬದಿಯಲ್ಲಿ, ಫುಟ್‌ಪಾತಿನ ಮೇಲೆ, ಟೇಪು ಹಿಡಿದು 50 ಮೀಟರ್ ಗುರುತು ಮಾಡಿ. ಯಾರೂ ರಸ್ತೆಗೆ ಇಳಿಯಬೇಡಿ. ಗಾಡಿ ಮೊದಲ ಗುರುತು ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಗೊತ್ತಾಗುತ್ತೆ. ಆರು ಸೆಕೆಂಡ್ ಆದರೆ 30. ಮೂರು ಸೆಕೆಂಡ್ ಆದರೆ 60. ಬೆರಳಿನ ತಡದಿಂದ ಸ್ವಲ್ಪ ಏರುಪೇರು ಇರುತ್ತೆ, ಅದಕ್ಕೇ ಒಂದಲ್ಲ, ನೂರು ಗಾಡಿ ಅಳೆಯಿರಿ. ಶಾಲೆ ಬಿಡುವ ಹೊತ್ತಿಗೆ, ಒಂದು ವಾರ. ಎಷ್ಟು ಗಾಡಿ 30 ಮೀರಿದವು, ಎಷ್ಟು 50 ಮೀರಿದವು ಅಂತ ಪಟ್ಟಿ ಮಾಡಿ.

ಆ ಪಟ್ಟಿಯನ್ನು ಗ್ರಾಮ ಪಂಚಾಯತಿಗೆ, ವಾರ್ಡಿನ ಸಭೆಗೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. 'ಇಲ್ಲಿ ಗಾಡಿಗಳು ಜೋರಾಗಿ ಓಡ್ತವೆ ಸಾರ್' ಅನ್ನುವ ದೂರನ್ನು ಬದಿಗೆ ಸರಿಸುವುದು ಸುಲಭ. 'ನೂರರಲ್ಲಿ ಇಷ್ಟು ಗಾಡಿ 50 ಮೀರಿವೆ, ನಿಲ್ಲಲು 28 ಮೀಟರ್ ಬೇಕು, ನಮ್ಮ ಗೇಟಿಗೂ ತಿರುವಿಗೂ ಇರುವುದು 20 ಮೀಟರ್' ಅನ್ನುವ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತೆ. ಕೇಳಬೇಕಾದದ್ದೂ ಸ್ಪಷ್ಟವಾಗಿರಲಿ: 30ರ ಮಿತಿ, ಅದು ಬೋರ್ಡಿನಲ್ಲಿ ಮಾತ್ರ ಉಳಿಯದಂತೆ ನಿಯಮದ ಪ್ರಕಾರ ಕಟ್ಟಿದ ಹಂಪ್ ಅಥವಾ ಎತ್ತರಿಸಿದ ದಾಟುದಾರಿ, ಎರಡೂ ಕಡೆ ಫುಟ್‌ಪಾತ್.

ಇದರಿಂದ ಗಾಡಿ ಓಡಿಸುವವರಿಗೆ ಎಷ್ಟು ನಷ್ಟ? ಶಾಲೆ ಆಸುಪಾಸಿನ ಅರ್ಧ ಕಿ.ಮೀ.ಯನ್ನು 60ರ ಬದಲು 30ರಲ್ಲಿ ದಾಟಿದರೆ ಹೆಚ್ಚಾಗುವುದು 30 ಸೆಕೆಂಡ್. ಆ 30 ಸೆಕೆಂಡನ್ನು ಕೇಳುವ ಹಕ್ಕು ಮಕ್ಕಳಿಗಿದೆ, ಲೆಕ್ಕ ಅವರ ಪುಸ್ತಕದಲ್ಲೇ ಇದೆ.